ಕಾಲೇಜಿನ ಇಮೇಲ್: ವಡೋದರಾದಲ್ಲಿ ಓದುವ ಕನ್ನಡದ ಮಕ್ಕಳಿಗೆ ಯಶಸ್ಸಿನ ಸೂತ್ರಗಳು

ವಡೋದರಾದ ಅಲ್ಕಾಪುರಿಯಿಂದ ರೈಲು ಹಳಿ ದಾಟಿ ಆಚೆ ಬದಿಗೆ ಹೋದರೆ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ. 1881ರಲ್ಲಿ ಬರೋಡಾ ಕಾಲೇಜಾಗಿ ಶುರುವಾದದ್ದು 1949ರಲ್ಲಿ ವಿಶ್ವವಿದ್ಯಾಲಯವಾಯಿತು. ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಇಲ್ಲಿ ಓದುತ್ತಾರೆ. ಚಿತ್ರಕಲೆ ಕಲಿಯಲು ಕರ್ನಾಟಕದಿಂದಲೇ ಬರುವವರೂ ಇದ್ದಾರೆ. ಸೀಟು ಸಿಕ್ಕ ಮೇಲೆ ಹಾಸ್ಟೆಲ್, ಊಟ, ಗುಜರಾತಿ ಮಾತು ಎಂದು ನೂರು ಚಿಂತೆ. ಅದರ ನಡುವೆ ಕಾಲೇಜು ಕೊಟ್ಟ ಇಮೇಲ್ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನೋಡಲೇಬೇಕು. ಆ ವಿಳಾಸದಲ್ಲಿ ಹೆಸರು ನಿಮ್ಮದು, ಒಡೆತನ ಮಾತ್ರ ಸಂಸ್ಥೆಯದು. ಇರುವಷ್ಟು ದಿನ ಪೂರ್ತಿ ಬಳಸಿಕೊಳ್ಳಿ, ಆದರೆ ನಿಮ್ಮ ಬದುಕನ್ನು ಅದಕ್ಕೆ ಕಟ್ಟಿಹಾಕಬೇಡಿ.

1. ಮೊದಲು ನಿಮ್ಮದೇ ಇಮೇಲ್ ಸರಿಮಾಡಿಕೊಳ್ಳಿ. ಪ್ರವೇಶದ ಅರ್ಜಿ ತುಂಬುವಾಗ ಸೈಬರ್ ಕೆಫೆಯವರ ಇಮೇಲನ್ನೋ ಮಾವನ ಮೊಬೈಲ್ ನಂಬರನ್ನೋ ಕೊಟ್ಟುಬಿಡುವವರು ಬಹಳ. ಕಾಲೇಜಿನ ಖಾತೆಯ ಮೊದಲ ಪಾಸ್‌ವರ್ಡ್ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಗುಜರಾತಿಗೆ ಬಂದೆವೆಂದು ಸಿಮ್ ಬದಲಿಸುವ ಅಗತ್ಯವೂ ಇಲ್ಲ. 2015ರ ಜುಲೈನಿಂದ ಯಾವ ರಾಜ್ಯಕ್ಕೆ ಹೋದರೂ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಒಟಿಪಿಗಳೆಲ್ಲ ಬರುವ ನಂಬರನ್ನು ಮಧ್ಯದಲ್ಲಿ ಬಿಟ್ಟರೆ ಪರದಾಟ ತಪ್ಪದು.

2. ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಗುಜರಾತಿನ ದಾಖಲೆಗಳಲ್ಲಿ ಮೊದಲು ಮನೆತನದ ಹೆಸರು, ಆಮೇಲೆ ಸ್ವಂತ ಹೆಸರು, ಕೊನೆಗೆ ತಂದೆಯ ಹೆಸರು ಬರೆಯುವುದು ರೂಢಿ. ನಮ್ಮಲ್ಲಿ ಎಷ್ಟೋ ಮಂದಿಗೆ ಮನೆತನದ ಹೆಸರೇ ಇಲ್ಲ, ಇರುವುದು ಇನಿಷಿಯಲ್. ಕಂಪ್ಯೂಟರಿನ ಮುಂದೆ ಕೂತವರು ಅದನ್ನು ಬಿಡಿಸಿ ಬರೆದಾಗ ಊರಿನ ಹೆಸರು ಮುಂದೆ ಬಂದು ನಿಮ್ಮ ಹೆಸರು ಹಿಂದೆ ಸರಿಯಬಹುದು, ತಂದೆಯ ಹೆಸರಿನಲ್ಲೇ ಇಮೇಲ್ ತಯಾರಾಗಲೂಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ತಾಳೆ ನೋಡಿ, ವ್ಯತ್ಯಾಸವಿದ್ದರೆ ಮೊದಲ ವಾರದಲ್ಲೇ ಲಿಖಿತವಾಗಿ ತಿದ್ದುಪಡಿ ಕೇಳಿ. ಇಮೇಲ್‌ನಲ್ಲಿ ನುಸುಳಿದ ತಪ್ಪು ಕಾಲೇಜಿನ ಬೇರೆ ದಾಖಲೆಗಳಲ್ಲೂ ಇದ್ದೀತು. ಪದವಿ ಪತ್ರ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

3. ಪಾಸ್‌ವರ್ಡ್ ಅಂದೇ ಬದಲಿಸಿ. ಹುಟ್ಟಿದ ವರ್ಷ, ಊರು, ಮೊಬೈಲ್ ನಂಬರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿಡುವುದು ಸುಲಭ, ಊಹಿಸುವುದು ಕಷ್ಟ. ಸ್ವಂತ ಇಮೇಲ್‌ಗೆ ಬೇರೆಯದೇ ಇರಲಿ.

4. ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ, ಫೋನ್ ಕೈಗೆ ಸಿಗದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ. ಜೋರು ಮಳೆಗೆ ಅಲ್ಕಾಪುರಿಯ ಗರನಾಳೆಯಲ್ಲಿ, ಅಂದರೆ ರೈಲು ಹಳಿ ಕೆಳಗಿನ ರಸ್ತೆಯಲ್ಲಿ, ನೀರು ನಿಲ್ಲುವುದು ಊರಿಗೆಲ್ಲ ಗೊತ್ತು. 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ವಡೋದರಾದ ಎಷ್ಟೋ ಬಡಾವಣೆಗಳು ಮುಳುಗಿದವು. ಅಂಥ ಹೊತ್ತಿನಲ್ಲಿ ಫೋನ್ ಹಾಳಾದರೆ ಇಮೇಲ್‌ಗೆ ಹೋಗುವ ದಾರಿಯೂ ಮುಚ್ಚುತ್ತದೆ. ಕಾಲೇಜಿನ ಇಮೇಲ್ ಗೂಗಲ್‌ನಲ್ಲಿದ್ದರೆ ಒಮ್ಮೆಗೆ ಹತ್ತು ಬ್ಯಾಕಪ್ ಕೋಡ್ ಸಿಗುತ್ತವೆ. ಒಂದು ಪ್ರತಿ ನಿಮ್ಮ ಹತ್ತಿರ, ಇನ್ನೊಂದು ಊರಿನಲ್ಲಿ ಅಮ್ಮನ ಹತ್ತಿರ ಇರಲಿ.

5. ದಿನಕ್ಕೆರಡು ಸಲ ತೆರೆಯಿರಿ. ಶುಲ್ಕದ ಕೊನೆಯ ದಿನ, ಕ್ಯಾಂಪಸ್ ಸಂದರ್ಶನದ ಪಟ್ಟಿ ಅಲ್ಲಿಗೇ ಬರುತ್ತವೆ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹಾಕುತ್ತಾರೆಂದು ಕಾಯಬೇಡಿ.

6. ಬರೆಯುವ ಕ್ರಮ ಕಲಿಯಿರಿ. ವಿಷಯದ ಸಾಲಿನಲ್ಲಿ ಬೇಕಾದ ಕೆಲಸ, ಕೊನೆಯಲ್ಲಿ ಪೂರ್ಣ ಹೆಸರು, ತರಗತಿ, ನೋಂದಣಿ ಸಂಖ್ಯೆ. ಕಚೇರಿಯವರನ್ನು ಹೆಸರಿಗೆ ‘ಭಾಯಿ’, ‘ಬೆನ್’ ಸೇರಿಸಿ ಕರೆಯುವುದು ಗುಜರಾತಿನಲ್ಲಿ ಗೌರವದ ರೀತಿ. ಹಾಗೆ ಬರೆದರೆ ಆತ್ಮೀಯವಾಗಿಯೂ ಇರುತ್ತದೆ. ಪ್ರಾಧ್ಯಾಪಕರಿಗೆ ಸರ್, ಮೇಡಂ ಸಾಕು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ.

7. ಗ್ರಂಥಾಲಯಕ್ಕೆ ಹೋಗಿ ಒಂದು ಪ್ರಶ್ನೆ ಕೇಳಿ: ‘ಮನೆಯಿಂದ ಜರ್ನಲ್ ಓದಲು ಲಾಗಿನ್ ಹೇಗೆ?’ 2025ರ ಜನವರಿ 1ರಂದು ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಜಾರಿಗೆ ಬಂತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಉಚಿತ. ಮೂರು ವರ್ಷಕ್ಕೆ ಕೇಂದ್ರ ಸರ್ಕಾರ ಇಟ್ಟ ಹಣ 6,000 ಕೋಟಿ ರೂಪಾಯಿ. ಇದನ್ನು ನಡೆಸುವ ಇನ್‌ಫ್ಲಿಬ್‌ನೆಟ್ ಎಂಬ ಸಂಸ್ಥೆ ಇರುವುದು ಗುಜರಾತಿನ ಗಾಂಧಿನಗರದಲ್ಲೇ. ಕ್ಯಾಂಪಸ್ಸಿನ ಹೊರಗಿನಿಂದ ಓದಲು ಅದರ ಇನ್‌ಫೆಡ್ ಎಂಬ ಲಾಗಿನ್ ವ್ಯವಸ್ಥೆಯಿದೆ. ಅಲ್ಲಿ ನೀವು ಇಂಥ ಸಂಸ್ಥೆಯ ವಿದ್ಯಾರ್ಥಿ ಎಂಬುದು ಸಾಬೀತಾಗಬೇಕು, ಆಗ ಸಂಸ್ಥೆ ಕೊಟ್ಟ ಗುರುತು ನೆರವಿಗೆ ಬರುತ್ತದೆ. ಸ್ವಂತ ಹಣದಲ್ಲಿ ಕೊಂಡು ಓದಲು ಸಾಧ್ಯವೇ ಇಲ್ಲದಷ್ಟು ದುಬಾರಿಯಾದ ಲೇಖನಗಳು ರಾತ್ರಿ ಹತ್ತಕ್ಕೆ ನಿಮ್ಮ ಕೋಣೆಯಲ್ಲೇ ತೆರೆದುಕೊಳ್ಳುತ್ತವೆ. ಈ ಇಮೇಲ್‌ನಿಂದ ಸಿಗುವ ಅತಿ ದೊಡ್ಡ ಲಾಭ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ.

8. ಫೈಲ್ ಹಂಚುವ ಮುನ್ನ ಹೊರಗಿನವರ ಕಣ್ಣಿನಿಂದ ತೆರೆದು ನೋಡಿ. ಮೈಸೂರಿನ ಕಲಾವಿದ ಎನ್.ಎಸ್. ಹರ್ಷ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಎಂಎಫ್‌ಎ ಪಡೆದದ್ದು 1995ರಲ್ಲಿ. ಆಗ ಚಿತ್ರಗಳ ಫೋಟೊ, ಸ್ಲೈಡುಗಳು ಅಂಚೆಯಲ್ಲಿ ಓಡಾಡುತ್ತಿದ್ದ ಕಾಲ. ಈಗ ಒಂದು ಲಿಂಕ್ ಸಾಕು. ಜಿಮೇಲ್‌ನಲ್ಲಿ 25 ಎಂಬಿ ದಾಟಿದ ಫೈಲ್ ಡ್ರೈವ್ ಲಿಂಕ್ ಆಗಿಯೇ ಹೋಗುತ್ತದೆ. ಆದರೆ ಎಷ್ಟೋ ಕಾಲೇಜುಗಳ ಖಾತೆಯಿಂದ ಹಂಚಿದ ಲಿಂಕ್ ಕಾಲೇಜಿನ ಒಳಗಿನವರಿಗೆ ಮಾತ್ರ ತೆರೆಯುತ್ತದೆ. ಮುಂಬೈಯ ಗ್ಯಾಲರಿಯವರೋ ಬೆಂಗಳೂರಿನ ಕಂಪನಿಯವರೋ ಒತ್ತಿದರೆ ಅನುಮತಿ ಇಲ್ಲ ಎಂದು ಬರುತ್ತದೆ, ಅವರು ಮುಂದಿನ ಅರ್ಜಿಗೆ ಹೋಗುತ್ತಾರೆ. ಖಾಸಗಿ ವಿಂಡೋದಲ್ಲಿ, ಲಾಗಿನ್ ಆಗದೆ, ಆ ಲಿಂಕ್ ಒತ್ತಿ ನೋಡಿ. ತೆರೆಯದಿದ್ದರೆ ಸ್ವಂತ ಖಾತೆಯಿಂದ ಕಳಿಸಿ.

9. ವಿಳಾಸವನ್ನು ಕೊನೆಯಿಂದ ಓದಿ. ‘ಡಾಟ್ ಎಸಿ ಡಾಟ್ ಇನ್’ ಎಂದು ಮುಗಿಯುವ ವಿಳಾಸಗಳನ್ನು ಅರ್ನೆಟ್ ಇಂಡಿಯಾ ಕೊಡುವುದು ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಅದರ ಮುಂದೆ ‘ಡಾಟ್ ಕಾಮ್’ ಎಂಬ ಬಾಲವಿದ್ದರೆ ಆ ಪತ್ರ ಕಾಲೇಜಿನದಲ್ಲ. ವಿದ್ಯಾರ್ಥಿವೇತನ ಬಂದಿದೆ, ಒಟಿಪಿ ಹೇಳಿ ಎನ್ನುವ ಯಾವ ಪತ್ರಕ್ಕೂ ಉತ್ತರಿಸಬೇಡಿ. ಹಣ ಹೋಗಿಯೇಬಿಟ್ಟಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

10. ಬ್ಯಾಂಕ್, ಡಿಜಿಲಾಕರ್, ಗೇಟ್ ಅಥವಾ ಯುಪಿಎಸ್‌ಸಿ ಅರ್ಜಿಗೆ ಕಾಲೇಜಿನ ವಿಳಾಸ ಕೊಡಬೇಡಿ. ಫಲಿತಾಂಶ ಬರುವ ಹೊತ್ತಿಗೆ ಆ ಖಾತೆಯೇ ಇಲ್ಲದಿರಬಹುದು.

11. ಕೊನೆಯ ಸೆಮಿಸ್ಟರ್ ಶುರುವಾದಾಗಲೇ ಗಂಟುಮೂಟೆ ಕಟ್ಟಿ. ಗೂಗಲ್ ಶಿಕ್ಷಣ ಸಂಸ್ಥೆಗಳಿಗಿದ್ದ ಮಿತಿಯಿಲ್ಲದ ಜಾಗವನ್ನು 2022ರಲ್ಲಿ ನಿಲ್ಲಿಸಿತು. ಈಗ ಇಡೀ ಸಂಸ್ಥೆಗೆ ಸೇರಿ ಮೂಲ ಮಿತಿ 100 ಟೆರಾಬೈಟ್. ಹೀಗಾಗಿ ಓದು ಮುಗಿಸಿದವರ ಖಾತೆ ಉಳಿಸಿಕೊಳ್ಳಲು ಕಾಲೇಜುಗಳಿಗೆ ಜಾಗ ಸಾಲದಿರಬಹುದು. ಖಾತೆ ಯಾವ ದಿನ ಮುಚ್ಚುತ್ತದೆಂದು ಐಟಿ ವಿಭಾಗವನ್ನು ಬರವಣಿಗೆಯಲ್ಲಿ ಕೇಳಿ. ಕಾಲೇಜು ಅವಕಾಶ ಕೊಟ್ಟಿದ್ದರೆ ಗೂಗಲ್ ಟೇಕ್‌ಔಟ್ ನಿಮ್ಮ ಪತ್ರಗಳನ್ನೂ ಫೈಲ್‌ಗಳನ್ನೂ ಸ್ವಂತ ಖಾತೆಗೆ ನಕಲು ಮಾಡುತ್ತದೆ. ಆದರೆ ಅಲ್ಲಿ ಉಚಿತ ಜಾಗ 15 ಜಿಬಿ ಮಾತ್ರ. ದೊಡ್ಡ ಚಿತ್ರ, ವಿಡಿಯೊಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ. ಮಾರ್ಗದರ್ಶಕರ ಪತ್ರಗಳು, ಶುಲ್ಕದ ರಸೀದಿಗಳು, ಇಂಟರ್ನ್‌ಶಿಪ್‌ನ ಪತ್ರಗಳು ಮೊದಲು ಹೋಗಲಿ. ಕೊನೆಯ ತಿಂಗಳು ಸ್ವಯಂ ಉತ್ತರದಲ್ಲಿ ಹೊಸ ವಿಳಾಸ ಹಾಕಿಟ್ಟು, ಶಿಫಾರಸು ಪತ್ರ ಕೊಡಬಹುದಾದ ಗುರುಗಳಿಗೆ ಆ ವಿಳಾಸದಿಂದಲೇ ಒಂದೊಂದು ಪತ್ರ ಬರೆಯಿರಿ.