ಗುಡ್ಡದ ಮೇಲಿನ ಕೊಡೆ

2018ರಲ್ಲಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದಾಗ ಮಗುವಿಗೆ ಐದು ತಿಂಗಳು. ಮನೆ ಕೆಂಗೇರಿಯಲ್ಲಿ, ಆಫೀಸು ಬೆಳ್ಳಂದೂರಿನಲ್ಲಿ. ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರುವಷ್ಟರಲ್ಲಿ ದಿನಕ್ಕೆ ನಾಲ್ಕು ಗಂಟೆ ರಸ್ತೆಯ ಪಾಲು.

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದು ಎಲ್ಲರಿಗೂ ಗೊತ್ತು. ಕೆಲಸದ ಸ್ವರೂಪ ಒಗ್ಗುವಂತಿದ್ದರೆ ರಜೆಯ ನಂತರವೂ ಮನೆಯಿಂದ ದುಡಿಯಬಹುದು ಎಂಬ ಮಾತೂ ಅದರಲ್ಲಿತ್ತು. ಅದಕ್ಕೊಂದು ಬಾಲ: ಇಬ್ಬರೂ ಒಪ್ಪಿದ ಷರತ್ತಿನ ಮೇಲೆ. ನಾನು ಒಪ್ಪಿದೆ, ಕಂಪನಿ ಒಪ್ಪಲಿಲ್ಲ. "ನಿಮಗೆ ಕೊಟ್ರೆ ನಾಳೆ ಎಲ್ಲರೂ ಕೇಳ್ತಾರೆ" ಅಂದರು ಮ್ಯಾನೇಜರ್. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್. ಬೇಕಾದ್ದು ಒಂದು ಲ್ಯಾಪ್‌ಟಾಪು, ಇಂಟರ್ನೆಟ್ಟು. ಮಧ್ಯಾಹ್ನ ಟಾಯ್ಲೆಟ್ಟಿನಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿದ್ದನ್ನು ನಾನಿನ್ನೂ ಮರೆತಿಲ್ಲ.

2020ರ ಮಾರ್ಚ್‌ನಲ್ಲಿ ಅದೇ ಕಂಪನಿ ಒಂದೇ ವಾರದಲ್ಲಿ ಎಲ್ಲರನ್ನೂ ಮನೆಗೆ ಕಳಿಸಿತು. ಯಾರೂ ಕೇಳಿರಲೇ ಇಲ್ಲ!

ಇಷ್ಟು ಕಷ್ಟ ಉಂಡವಳು ಒಳ್ಳೆಯ ಟೀಮ್ ಲೀಡ್ ಆಗಿರಬೇಕು ಎಂದು ನೀವು ಅಂದುಕೊಂಡರೆ ತಪ್ಪು. 2021ರಲ್ಲಿ ಟೀಮು ನನ್ನ ಕೈಗೆ ಬಂತು. ಚಾಟ್‌ನಲ್ಲಿ ಯಾರದಾದರೂ ಹೆಸರಿನ ಪಕ್ಕದ ಹಸಿರು ಚುಕ್ಕಿ ಹಳದಿಯಾದರೆ ಸಾಕು, ನನಗೆ ಅನುಮಾನ. ಟೀಮಿನಲ್ಲಿದ್ದ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಊರಿಗೆ ಹೋಗಿ ಅಲ್ಲಿಂದಲೇ ಕೆಲಸ ಮಾಡುತ್ತಿದ್ದ. ಮೀಟಿಂಗಿನಲ್ಲಿ ದನಿ ಕಡಿದು ಕಡಿದು ಬರುತ್ತಿತ್ತು, ಕ್ಯಾಮೆರಾ ಯಾವಾಗಲೂ ಆಫ್. ಜುಲೈನ ಒಂದು ಬೆಳಿಗ್ಗೆ ಎಂಟು ಜನರೆದುರು ಅಂದೆ: "ಒಂದ್ಸಲ ಕ್ಯಾಮೆರಾ ಆನ್ ಮಾಡಪ್ಪ, ಮುಖ ಆದ್ರೂ ನೋಡೋಣ."

ಮಾಡಿದ. ಗುಡ್ಡದ ಮೇಲೆ ಬಂಡೆಯೊಂದರ ಮೇಲೆ ಕೂತಿದ್ದ. ಪಕ್ಕದಲ್ಲಿ ಅವರಪ್ಪ ಕೊಡೆ ಹಿಡಿದು ನಿಂತಿದ್ದರು. ಕೊಡೆ ಪೂರ್ತಿ ಲ್ಯಾಪ್‌ಟಾಪಿನ ಮೇಲಿತ್ತು. ಅಪ್ಪ, ಮಗ ಇಬ್ಬರೂ ನೆನೆಯುತ್ತಿದ್ದರು. "ಮನೇಲಿ ಸಿಗ್ನಲ್ ಬರಲ್ಲ ಮೇಡಂ" ಅಂದ.

ಮೀಟಿಂಗು ಮುಗಿದ ಮೇಲೆ ಲೆಕ್ಕ ತೆಗೆದು ನೋಡಿದೆ. ಆ ತಿಂಗಳು ಟೀಮಿನಲ್ಲಿ ಅತಿ ಹೆಚ್ಚು ಬಗ್ ಹಿಡಿದವನು ಅವನೇ. ಆ ಲೆಕ್ಕ ಮೊದಲಿನಿಂದಲೂ ನನ್ನ ಕಂಪ್ಯೂಟರಿನಲ್ಲೇ ಇತ್ತು; ನಾನು ಚುಕ್ಕಿ ಕಾಯುತ್ತಾ ಕೂತಿದ್ದೆ.

ಈಗ ವಾರಕ್ಕೆ ಮೂರು ದಿನ ಆಫೀಸು ಕಡ್ಡಾಯ. ಕಾರ್ಡು ಸ್ವೈಪ್ ಮಾಡಿ, ಕಾಫಿ ಕುಡಿದು, ಹನ್ನೊಂದಕ್ಕೇ ಜಾಗ ಖಾಲಿ ಮಾಡುವವರಿದ್ದಾರೆ. ಹಾಜರಾತಿಯ ಪಟ್ಟಿಯಲ್ಲಿ ಅವರೇ ಅಪರಂಜಿ. ಹಾಗಂತ ಆಫೀಸು ಬೇಡವೇ ಬೇಡ ಎನ್ನಲಾರೆ. ಹೊಸ ಹುಡುಗರು ಕೆಲಸ ಕಲಿಯುವುದು ಪಕ್ಕದ ಕುರ್ಚಿಯವರನ್ನು ನೋಡಿಯೇ.

ಕಂಪನಿಯ ನಿಯಮ ಬದಲಿಸುವ ಶಕ್ತಿ ನನಗಿಲ್ಲ. ಬೆಳಗಿನ ಮೀಟಿಂಗನ್ನು ಒಂಬತ್ತೂವರೆಯಿಂದ ಹನ್ನೊಂದಕ್ಕೆ ಸರಿಸಿದೆ, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರಿದ್ದಾರೆ. ಕ್ಯಾಮೆರಾ ಅವರವರ ಇಷ್ಟ. ಆ ಹುಡುಗನ ಹತ್ತಿರ ಕ್ಷಮೆ ಕೇಳಿದ್ದೇನೆ. ಅವರಪ್ಪನ ಹತ್ತಿರ ಇನ್ನೂ ಕೇಳಿಲ್ಲ.