ಸಂಬಳವಿಲ್ಲದ ಇಪ್ಪತ್ತೊಂಬತ್ತು ವಾರ

ನನ್ನ ಲೆಕ್ಕದ ಪುಸ್ತಕದಲ್ಲಿ ಆ ಓದಿಗೆ ಬರೆದಿಟ್ಟ ಒಟ್ಟು ಖರ್ಚು 17,680 ಡಾಲರ್. ಅದರಲ್ಲಿ ಕಾಲೇಜಿಗೆ ಕಟ್ಟಿದ್ದು 3,600 ಮಾತ್ರ. ಅಮೆರಿಕದಲ್ಲಿ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಆಗಲು ಎರಡು ವರ್ಷದ ಅಸೋಸಿಯೇಟ್ ಡಿಗ್ರಿಗೆ ಸೇರಬೇಕೆನ್ನುವ ನಮ್ಮ ಹೆಣ್ಣುಮಕ್ಕಳು ನನ್ನನ್ನು ಕೇಳುವುದು ಫೀಸು ಎಷ್ಟು ಎಂದು. ಉಳಿದ ಹದಿನಾಲ್ಕು ಸಾವಿರ ಎಲ್ಲಿ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ಟೆಕ್ಸಾಸ್‌ಗೆ ಬಂದವಳು ನಾನು. ಗ್ರೀನ್ ಕಾರ್ಡ್ ಬಂದ ಮೇಲೆ ದಿನಸಿ ಅಂಗಡಿಯೊಂದರ ಕೌಂಟರಿನಲ್ಲಿ ಗಂಟೆಗೆ 14 ಡಾಲರಿನಂತೆ ವಾರಕ್ಕೆ ಮೂವತ್ತು ಗಂಟೆ ನಿಲ್ಲುತ್ತಿದ್ದೆ. ಅಂಕಪಟ್ಟಿಗಳನ್ನು ಮೌಲ್ಯಮಾಪನಕ್ಕೆ ಕಳಿಸಿದಾಗ ನನ್ನ ಮೂರು ವರ್ಷದ ಪದವಿ ಇಲ್ಲಿಯ ನಾಲ್ಕು ವರ್ಷದ ಡಿಗ್ರಿಗೆ ಸಮವಲ್ಲ ಎಂದು ಉತ್ತರ ಬಂತು. ಅಮ್ಮನಿಗೆ ಫೋನ್ ಮಾಡಿದರೆ, 'ಅಲ್ಲ ಕಣೇ, ಡಿಗ್ರಿ ಆದೋಳು ಮತ್ತೆ ಕೆಳಗಿಂದ ಓದೋದಾ?' ಅಂದರು. ಆ ಮಾತು ಬಹಳ ದಿನ ಚುಚ್ಚಿತು.

ಮೊದಲು ಹೋದದ್ದು ಒಂದು ಖಾಸಗಿ ತರಬೇತಿ ಶಾಲೆಗೆ. 'ಮೆಡಿಕಲ್ ಅಸಿಸ್ಟೆಂಟ್' ಸರ್ಟಿಫಿಕೇಟಿಗೆ ಹದಿನೆಂಟು ಸಾವಿರ ಹೇಳಿದರು, ಸಾಲದ ಅರ್ಜಿಯನ್ನೂ ಅಲ್ಲೇ ಮುಂದಿಟ್ಟರು. ಲ್ಯಾಬಿನಲ್ಲಿ ಕೆಲಸ ಸಿಗುತ್ತದೆಯೇ ಎಂದರೆ 'ಆಸ್ಪತ್ರೆಯಲ್ಲೇ ತಾನೇ ಇರುತ್ತೀರಿ' ಎಂದು ನಕ್ಕರು. ಸಹಿ ಹಾಕದೆ ಎದ್ದು ಬಂದದ್ದು ನನ್ನ ಪುಣ್ಯ. ಮೆಡಿಕಲ್ ಅಸಿಸ್ಟೆಂಟ್, ರಕ್ತ ತೆಗೆಯುವ ಫ್ಲೆಬಾಟಮಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಮೂರೂ ಬೇರೆ ಬೇರೆ ಕೆಲಸ, ಬೇರೆ ಬೇರೆ ಸಂಬಳ. ಕೋರ್ಸಿಗೆ ನ್ಯಾಕ್ಲ್ಸ್ ಎಂಬ ಸಂಸ್ಥೆಯ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಅದಿದ್ದರೆ ಓದು ಮುಗಿದ ಕೂಡಲೇ ಎಎಸ್‌ಸಿಪಿ ಎಂಬ ಸಂಸ್ಥೆಯ ಸರ್ಟಿಫಿಕೇಟ್ ಪರೀಕ್ಷೆಗೆ ನೇರವಾಗಿ ಕೂರಬಹುದು. ಕೆಲಸ ಕೊಡುವ ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳುವುದು ಆ ಸರ್ಟಿಫಿಕೇಟನ್ನೇ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ರಾಜ್ಯದ ಲೈಸೆನ್ಸ್ ಕೂಡ ಬೇಕು. ಟೆಕ್ಸಾಸ್‌ನಲ್ಲಿ ಬೇಡ.

ಕೊನೆಗೆ ಸೇರಿದ್ದು ಕಮ್ಯುನಿಟಿ ಕಾಲೇಜಿಗೆ. ಕ್ರೆಡಿಟ್ ಒಂದಕ್ಕೆ 90 ಡಾಲರ್. ಹಾಸನದ ರಸಾಯನಶಾಸ್ತ್ರ, ಜೀವಶಾಸ್ತ್ರಕ್ಕೆ ಇಪ್ಪತ್ತು ಕ್ರೆಡಿಟ್ ಸಿಕ್ಕಿದ್ದರಿಂದ ಓದಬೇಕಾದದ್ದು ನಲವತ್ತು. ಪುಸ್ತಕ, ಸ್ಕ್ರಬ್ಸ್, ಲಸಿಕೆಗಳು, ಪೊಲೀಸ್ ದಾಖಲೆ ತಪಾಸಣೆ, ಪೆಟ್ರೋಲು, ಪರೀಕ್ಷೆಯ ಶುಲ್ಕ ಎಲ್ಲ ಸೇರಿ 1,900. ಬ್ಯಾಚುಲರ್ ಡಿಗ್ರಿ ಇಲ್ಲದ, ಆದಾಯ ಕಡಿಮೆಯಿರುವ ಪೌರರಿಗೂ ಗ್ರೀನ್ ಕಾರ್ಡಿನವರಿಗೂ ಸರ್ಕಾರದ ಪೆಲ್ ಗ್ರಾಂಟ್ ಸಿಗಬಹುದು. 2024-25ರಲ್ಲಿ ಅದರ ಗರಿಷ್ಠ ಮೊತ್ತ 7,395 ಡಾಲರ್. ನನಗೆ ಸಿಗಲಿಲ್ಲ.

ತರಗತಿ ನಡೆಯುವವರೆಗೆ ಸಂಜೆ, ವಾರಾಂತ್ಯ ಅಂಗಡಿಯ ಕೆಲಸ ಬಿಡಲಿಲ್ಲ. ಪೆಟ್ಟು ಬಿದ್ದದ್ದು ಕ್ಲಿನಿಕಲ್ ತರಬೇತಿಗೆ ಹೋದಾಗ. ಇಪ್ಪತ್ತೆರಡು ವಾರ, ಬೆಳಗಿನ ಜಾವ ಐದೂವರೆಗೆ ಆಸ್ಪತ್ರೆಯ ಲ್ಯಾಬಿನಲ್ಲಿರಬೇಕು, ಬಿಡಿಗಾಸು ಸಂಬಳವಿಲ್ಲ. ಮನೆಗೆ ಬಂದು ಮಗುವಿಗೆ ಅನ್ನ ಕಲಸುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು. ಅಂಗಡಿ ಬಿಟ್ಟೆ. ಓದು ಮುಗಿದು, ಪರೀಕ್ಷೆ ಬರೆದು, ಕೆಲಸ ಸಿಗುವ ಹೊತ್ತಿಗೆ ಮತ್ತೆ ಏಳು ವಾರ. ವಾರಕ್ಕೆ 420ರಂತೆ ಇಪ್ಪತ್ತೊಂಬತ್ತು ವಾರಕ್ಕೆ 12,180 ಡಾಲರ್ ಕೈತಪ್ಪಿತು. ಆ ದಿನಗಳಲ್ಲಿ ನನ್ನವರ ಸಂಬಳ, ಬ್ಯಾಂಕಿನಲ್ಲಿದ್ದ ಆರು ತಿಂಗಳ ಮನೆಖರ್ಚು ಇಲ್ಲದಿದ್ದರೆ ನಡುವೆಯೇ ಬಿಡುತ್ತಿದ್ದೆ. ನನ್ನ ಬ್ಯಾಚಿನಲ್ಲಿ ಇಬ್ಬರು ಬಿಟ್ಟದ್ದು ಇದೇ ಹಂತದಲ್ಲಿ. ಇಬ್ಬರೂ ನನಗಿಂತ ಚೆನ್ನಾಗಿ ಓದುತ್ತಿದ್ದರು.

ಮೊದಲ ಕೆಲಸ ಗಂಟೆಗೆ 25 ಡಾಲರ್. ವಾರಕ್ಕೆ ನಲವತ್ತು ಗಂಟೆಗೆ ಸಾವಿರವಾಯಿತು, ಹಿಂದಿಗಿಂತ 580 ಹೆಚ್ಚು. ಹಾಕಿದ ದುಡ್ಡು ತಿರುಗಿ ಬರಲು ತೆರಿಗೆ ಕಳೆದು ಸುಮಾರು ಒಂಬತ್ತು ತಿಂಗಳು ಹಿಡಿಯಿತು. ಕೇಂದ್ರ ಕಾರ್ಮಿಕ ಅಂಕಿಅಂಶ ಇಲಾಖೆ 2023ರ ಮೇ ತಿಂಗಳಿಗೆ ಲ್ಯಾಬ್ ಕೆಲಸದವರದೆಂದು ಕೊಟ್ಟ ಮಧ್ಯಮ ವಾರ್ಷಿಕ ವೇತನ 60,780 ಡಾಲರ್. ಅದನ್ನು ನೋಡಿ ಮನಸ್ಸಿನಲ್ಲೇ ಕಾರು ಕೊಳ್ಳಬೇಡಿ: ನಾಲ್ಕು ವರ್ಷದ ಡಿಗ್ರಿಯವರೂ ಆ ಲೆಕ್ಕದಲ್ಲಿ ಸೇರಿದ್ದಾರೆ.

ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ರಾತ್ರಿ ಮೂರಕ್ಕೆ ಬಂದ ಸ್ಯಾಂಪಲ್ಲಿನಲ್ಲಿ ಪೊಟ್ಯಾಸಿಯಂ ವಿಪರೀತ ಏರಿದ್ದರೆ ಮೊದಲು ಸೀರಂ ಬಣ್ಣ ನೋಡುತ್ತೇನೆ. ಕೆಂಪಾಗಿದ್ದರೆ ಟ್ಯೂಬಿನಲ್ಲೇ ರಕ್ತಕಣ ಒಡೆದು ಪೊಟ್ಯಾಸಿಯಂ ಹೊರಬಂದಿರಬಹುದು. ಮತ್ತೆ ರಕ್ತ ಕಳಿಸಿ ಎನ್ನುತ್ತೇನೆ. ತಿಳಿಯಾಗಿದ್ದರೆ ತಡಮಾಡದೆ ವಾರ್ಡಿಗೆ ಫೋನ್.

ಆದರೆ ಈ ಡಿಗ್ರಿಯ ಸಂಬಳ ನಾಲ್ಕೈದು ವರ್ಷಕ್ಕೆ ಮೇಲ್ಛಾವಣಿ ಮುಟ್ಟುತ್ತದೆ. ಸೂಪರ್‌ವೈಸರ್ ಕೆಲಸಕ್ಕೆ ನಮ್ಮಲ್ಲಿ ಬ್ಯಾಚುಲರ್ಸ್ ಕೇಳುತ್ತಾರೆ. ಕೆಲಸಕ್ಕೆ ಸೇರುವ ಮೊದಲೇ 'ಓದಿಗೆ ನೆರವಿದೆಯೇ' ಎಂದು ಕೇಳಿ. ಮಾಲೀಕರು ಓದಿಗೆ ಕೊಡುವ ಹಣಕ್ಕೆ ವರ್ಷಕ್ಕೆ 5,250 ಡಾಲರಿನವರೆಗೆ ನಾವು ಆದಾಯ ತೆರಿಗೆ ಕಟ್ಟಬೇಕಿಲ್ಲ. ನಾನು ಸಂಬಳದ ಜೊತೆಗೆ ಕೇಳಿದ ಎರಡನೇ ಪ್ರಶ್ನೆ ಅದೇ ಆಗಿತ್ತು. ಈಗ ಬ್ಯಾಚುಲರ್ಸ್ ಮುಗಿಸಲು ಆನ್‌ಲೈನ್ ಕೋರ್ಸು ಹಿಡಿದಿದ್ದೇನೆ. ಹೋದ ಸೆಮಿಸ್ಟರಿನ ಫೀಸು ಆಸ್ಪತ್ರೆ ಕಟ್ಟಿತು. ಲೆಕ್ಕದ ಪುಸ್ತಕದಲ್ಲಿ ನನ್ನ ಕಡೆಯಿಂದ ಬರೆದದ್ದು ಪಠ್ಯಪುಸ್ತಕದ 140 ಡಾಲರ್. ಸಂಬಳ ಒಂದು ವಾರವೂ ತಪ್ಪಿಲ್ಲ.