ಬೆಳೆದ ಜಿಲ್ಲೆ, ಸಾಲದ ಶಾಲೆ: ಥಾಣೆ ಪರಿಸರದಲ್ಲಿ ಶಾಲಾ ಕಟ್ಟಡಗಳ ಪ್ರಶ್ನೆ

ಮುಂಬಯಿ ಕನ್ನಡಿಗರ ಬದುಕನ್ನು ಕುರಿತ ಬರವಣಿಗೆಯಲ್ಲಿ ಹೋಟೆಲು, ಕಚೇರಿ, ಚಾಳು, ಲೋಕಲ್ ರೈಲು, ಸಂಘಸಂಸ್ಥೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ದುಡಿಯುವ ಹುಡುಗರಿಗೆ ಅಕ್ಷರ ಕಲಿಸಿದ ರಾತ್ರಿಶಾಲೆಗಳ ಸಾಧನೆಯೂ ಗೌರವದಿಂದ ದಾಖಲಾಗಿದೆ. ಆದರೆ ಕನ್ನಡ ಕುಟುಂಬಗಳು ಕೋಟೆ, ಗಿರಗಾಂವ್, ಪರೇಲ್‌ಗಳನ್ನು ಬಿಟ್ಟು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕಡೆಗೆ ಸರಿದಾಗ ಅಲ್ಲಿ ಅವರ ಮಕ್ಕಳು ಕೂರಲು ಶಾಲೆಯ ಕೋಣೆ ಇತ್ತೇ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಭಾಷೆಯ ಅಳಿವು ಉಳಿವನ್ನು ಅಭಿಮಾನದ ನೆಲೆಯಲ್ಲಿ ಮಾತ್ರ ವಿವೇಚಿಸುವಾಗ ಕಟ್ಟಡ, ಭೂಮಿ, ಆಯವ್ಯಯ ಎಂಬ ಲೌಕಿಕ ಸಂಗತಿಗಳು ಹಿಂದೆ ಸರಿಯುತ್ತವೆ. ಅವುಗಳನ್ನು ಮುಂದಕ್ಕೆ ತಂದು ನೋಡುವುದು ಪ್ರಸ್ತುತ ಅಧ್ಯಯನದ ಉದ್ದೇಶ.

ಜಿಲ್ಲೆಯ ಬೆಳವಣಿಗೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ತಲುಪಿದ್ದು ಥಾಣೆಗೆ. ಮರುವರ್ಷ ಆ ಹಳಿ ಕಲ್ಯಾಣವನ್ನು ಮುಟ್ಟಿತು. ಆದರೂ ಸುಮಾರು ಒಂದು ಶತಮಾನದವರೆಗೆ ಈ ಪ್ರದೇಶ ಮುಂಬಯಿಯ ಹಿತ್ತಿಲಾಗಿಯೇ ಉಳಿದಿತ್ತು. 1960ರ ದಶಕದಲ್ಲಿ ಥಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿಯ ಕೈಗಾರಿಕಾ ಪ್ರದೇಶ, ಥಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಗಳು ಉದ್ಯೋಗವನ್ನು ಇತ್ತ ತಂದವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಹೊಸ ನಗರದ ನಿರ್ಮಾಣ ಆರಂಭವಾಯಿತು. 1982ರಲ್ಲಿ ಮೊದಲಾದ ಗಿರಣಿ ಮುಷ್ಕರ ಪರೇಲ್ ಪರಿಸರದ ಬದುಕನ್ನೇ ಅಲುಗಿಸಿತು. 1992ರಲ್ಲಿ ಮಾನಖುರ್ದದಿಂದ ವಾಶಿಗೆ ರೈಲು ಬಂದಿತು. ನಗರದೊಳಗೆ ಮನೆಯ ಬೆಲೆ ಕೈಗೆಟುಕದ ಮಧ್ಯಮ ಹಾಗೂ ಕೆಳಮಧ್ಯಮ ವರ್ಗದವರು ನೌಕರಿಯನ್ನು ಅಲ್ಲಿಯೇ ಉಳಿಸಿಕೊಂಡು ಮನೆಯನ್ನು ಹಳಿಯ ಇನ್ನೊಂದು ತುದಿಗೆ ಒಯ್ದರು.

ಇದರ ಪರಿಣಾಮ ಜನಗಣತಿಯಲ್ಲಿ ಸ್ಪಷ್ಟವಾಗಿ ಮೂಡಿದೆ. ಅವಿಭಜಿತ ಥಾಣೆ ಜಿಲ್ಲೆಯ ಜನಸಂಖ್ಯೆ 1981ರಲ್ಲಿ ಸುಮಾರು 33.5 ಲಕ್ಷ, 1991ರಲ್ಲಿ 52.5 ಲಕ್ಷ, 2001ರಲ್ಲಿ 81.3 ಲಕ್ಷ, 2011ರಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು. ಮೂವತ್ತು ವರ್ಷಗಳಲ್ಲಿ ಜಿಲ್ಲೆ ಮೂರು ಪಟ್ಟಿಗೂ ಮೀರಿ ಬೆಳೆಯಿತು. 2011ರ ಗಣತಿಯಲ್ಲಿ ದೇಶದ ಅತ್ಯಂತ ಜನಭರಿತ ಜಿಲ್ಲೆ ಎನಿಸಿತು. ಇದೇ ಅವಧಿಯಲ್ಲಿ ಮುಂಬಯಿಯ ದ್ವೀಪನಗರ ಭಾಗದ ಜನಸಂಖ್ಯೆ 2001ರ 33.4 ಲಕ್ಷದಿಂದ 2011ರಲ್ಲಿ 30.9 ಲಕ್ಷಕ್ಕೆ ಇಳಿಯಿತು. 2014ರ ಆಗಸ್ಟ್ 1ರಂದು ಪಾಲ್ಘರ್ ಜಿಲ್ಲೆ ಬೇರ್ಪಟ್ಟಿತಾದರೂ ಜನದಟ್ಟಣೆಯ ನಗರಗಳು ಬಹುಮಟ್ಟಿಗೆ ಥಾಣೆಯಲ್ಲಿಯೇ ಉಳಿದವು.

ಆಡಳಿತದ ರಚನೆ ಈ ಬೆಳವಣಿಗೆಯ ಹಿಂದೆ ಓಡಬೇಕಾಯಿತು. ಥಾಣೆ ಮಹಾನಗರಪಾಲಿಕೆ 1982ರಲ್ಲಿ, ಕಲ್ಯಾಣ-ಡೊಂಬಿವಲಿಯದು 1983ರಲ್ಲಿ, ನವಿಮುಂಬಯಿಯದು 1992ರಲ್ಲಿ ಕಾರ್ಯಾರಂಭ ಮಾಡಿದವು. ಕಲ್ಯಾಣ-ಡೊಂಬಿವಲಿಯ ಅಂಚಿನ 27 ಹಳ್ಳಿಗಳು 1983ರಲ್ಲಿ ಪಾಲಿಕೆಗೆ ಸೇರಿ, 2002ರಲ್ಲಿ ಹೊರಬಿದ್ದು, 2015ರಲ್ಲಿ ಮತ್ತೆ ಸೇರಿದವು. ಹಳ್ಳಿಯ ಶಾಲೆ ಜಿಲ್ಲಾ ಪರಿಷತ್ತಿನದು, ನಗರದ ಶಾಲೆ ಪಾಲಿಕೆಯದು. ಹೀಗಿರುವಾಗ ಗಡಿಯೇ ಸ್ಥಿರವಾಗಿರದ ಕಡೆ ಹೊಸ ಕಟ್ಟಡದ ಹೊಣೆ ಯಾರದು ಎಂಬುದೂ ಸ್ಥಿರವಾಗಿರುವುದು ಕಷ್ಟ.

ಅಗತ್ಯದ ಅಳತೆ

ಈ ಬೆಳವಣಿಗೆಗೆ ಎಷ್ಟು ಶಾಲೆಗಳು ಬೇಕಾಗಿದ್ದವು? 1996ರಲ್ಲಿ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ವತಿಯಿಂದ ಹೊರಬಂದ ನಗರ ಯೋಜನಾ ಮಾರ್ಗಸೂಚಿ ಪ್ರತಿ 5,000 ಜನರಿಗೆ ಒಂದು ಪ್ರಾಥಮಿಕ ಶಾಲೆ, ಅದಕ್ಕೆ ಆಟದ ಬಯಲೂ ಸೇರಿ 0.4 ಹೆಕ್ಟೇರ್ ಭೂಮಿ ಇರಬೇಕೆಂದು ಸೂಚಿಸಿತು. 1991ರಿಂದ 2011ರವರೆಗೆ ಜಿಲ್ಲೆಗೆ ಕೂಡಿಕೊಂಡವರು ಸುಮಾರು 58 ಲಕ್ಷ ಜನ. ಈ ಅಳತೆಯನ್ನು ಅನ್ವಯಿಸಿದರೆ ಇಪ್ಪತ್ತು ವರ್ಷಗಳಲ್ಲಿ 1,160ಕ್ಕೂ ಹೆಚ್ಚು ಹೊಸ ಪ್ರಾಥಮಿಕ ಶಾಲೆಗಳು, ಸುಮಾರು 465 ಹೆಕ್ಟೇರ್ ಭೂಮಿ ಬೇಕು. ಅಂದರೆ ವಾರಕ್ಕೊಂದು ಶಾಲೆಗಿಂತ ಮಿಗಿಲಾಗಿ, ಇಪ್ಪತ್ತು ವರ್ಷ ಎಡೆಬಿಡದೆ ಕಟ್ಟಬೇಕು. ಇವೆಲ್ಲವನ್ನೂ ಸರಕಾರವೇ ಕಟ್ಟಬೇಕಿತ್ತೆಂದಲ್ಲ; ಅನುದಾನಿತ ಮತ್ತು ಖಾಸಗಿ ಶಾಲೆಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಆದರೂ ವರ್ಷಕ್ಕೆ ಕೆಲವೇ ಕಟ್ಟಡಗಳನ್ನು ಮಂಜೂರು ಮಾಡುವ ಸಾಮಾನ್ಯ ಪದ್ಧತಿ ಇಂತಹ ಬೆಳವಣಿಗೆಯ ಎದುರು ಎಷ್ಟು ದುರ್ಬಲ ಎಂಬುದನ್ನು ಈ ಅಂಕಿಗಳು ಮನಗಾಣಿಸುತ್ತವೆ.

ಆಯವ್ಯಯದಲ್ಲಿ ಕಟ್ಟಡದ ಸ್ಥಾನ

ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಹಾಗೂ ಅವುಗಳಿಗೆ ತಕ್ಕ ಸ್ಥಳ ಒದಗಿಸುವುದು 1949ರ ಪ್ರಾಂತೀಯ ಮಹಾನಗರಪಾಲಿಕೆ ಕಾಯಿದೆಯ ಪ್ರಕಾರ ಪಾಲಿಕೆಗಳ ಕಡ್ಡಾಯ ಕರ್ತವ್ಯ. ಆದರೆ ಕರ್ತವ್ಯ ಕಡ್ಡಾಯವಾದರೂ ಮೊತ್ತ ಕಡ್ಡಾಯವಲ್ಲ. ಶಿಕ್ಷಣದ ವೆಚ್ಚದಲ್ಲಿ ಎರಡು ಬಗೆ. ಸಂಬಳ, ನಿವೃತ್ತಿವೇತನಗಳು ತಿಂಗಳು ತಿಂಗಳು ತೆರಲೇಬೇಕಾದವು, ಅವುಗಳನ್ನು ಮುಂದೂಡುವಂತಿಲ್ಲ. ಕಟ್ಟಡ ಬಂಡವಾಳ ವೆಚ್ಚ. ಅದನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಆ ವರ್ಷ ಯಾರೂ ಬಾಗಿಲು ತಟ್ಟುವುದಿಲ್ಲ. ಆದಾಯ ಕುಸಿದಾಗಲೆಲ್ಲ ಕತ್ತರಿ ಮೊದಲು ಬೀಳುವುದು ಇಲ್ಲಿಯೇ. ಆಯವ್ಯಯದ ಅಂದಾಜಿನಲ್ಲಿ ಕಾಣಿಸಿದ ಕೋಣೆ ಪರಿಷ್ಕೃತ ಅಂದಾಜಿನಲ್ಲಿ ಕಿರಿದಾಗಿ, ವರ್ಷಾಂತ್ಯದ ಲೆಕ್ಕದಲ್ಲಿ ಮಾಯವಾಗಬಲ್ಲದು. ಆದುದರಿಂದ ಶಾಲಾ ನಿರ್ಮಾಣದ ಅಧ್ಯಯನ ಮಾಡುವವರು ಮೊದಲ ಅಂದಾಜನ್ನಷ್ಟೇ ನೋಡದೆ ಈ ಮೂರು ಅಂಕಣಗಳನ್ನೂ ಜೊತೆಯಲ್ಲಿಟ್ಟು ಓದಬೇಕಾಗುತ್ತದೆ.

ಪಾಲಿಕೆಗಳ ಆದಾಯದ ನೆಲೆಯೂ ಅಲುಗಾಡಿದೆ. ಮಹಾರಾಷ್ಟ್ರದ ಪಾಲಿಕೆಗಳ ಪ್ರಮುಖ ಆದಾಯವಾಗಿದ್ದ ಜಕಾತಿಯ ಸ್ಥಾನಕ್ಕೆ 2010ರಿಂದ ಹಂತಹಂತವಾಗಿ ಸ್ಥಳೀಯ ಸಂಸ್ಥಾ ತೆರಿಗೆ ಬಂದಿತು. 2015ರ ಆಗಸ್ಟ್‌ನಲ್ಲಿ ಬಹುಪಾಲು ವ್ಯಾಪಾರಿಗಳಿಗೆ ಅದರಿಂದ ವಿನಾಯಿತಿ ದೊರೆಯಿತು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದ ಮೇಲೆ ಪಾಲಿಕೆಗಳು ರಾಜ್ಯ ಸರಕಾರ ನೀಡುವ ಪರಿಹಾರ ಮೊತ್ತವನ್ನು ಅವಲಂಬಿಸಬೇಕಾಯಿತು. ತನ್ನ ನಾಕೆಯಲ್ಲಿ ತಾನೇ ಸುಂಕ ಎತ್ತುತ್ತಿದ್ದ ಸಂಸ್ಥೆ ಮೇಲಿನಿಂದ ಬರುವ ಕಂತಿಗೆ ಕಾಯುವಂತಾದಾಗ ದೀರ್ಘಾವಧಿಯ ಕಟ್ಟಡ ಯೋಜನೆಗೆ ಧೈರ್ಯ ಸಾಲದಿರುವುದು ಸಹಜ. ಇನ್ನೊಂದು ಸಂಗತಿಯೂ ಗಮನಾರ್ಹ. 1962ರ ಕಾಯಿದೆಯಂತೆ ನಗರವಾಸಿಗಳು ಆಸ್ತಿ ತೆರಿಗೆಯೊಡನೆ ಶಿಕ್ಷಣ ಕರವನ್ನೂ ತೆರುತ್ತಾರೆ. ಪಾಲಿಕೆ ಅದನ್ನು ವಸೂಲು ಮಾಡಿ ರಾಜ್ಯದ ಬೊಕ್ಕಸಕ್ಕೆ ಒಪ್ಪಿಸುತ್ತದೆ. ಡೊಂಬಿವಲಿಯ ಗೃಹಸ್ಥನ ಬಿಲ್ಲಿನಲ್ಲಿ ಶಿಕ್ಷಣದ ಹೆಸರು ಇದೆ. ಆ ಹಣ ಅವನ ಬೀದಿಯ ಶಾಲೆಯ ಗೋಡೆಯಾಗಿ ನಿಲ್ಲುತ್ತದೆಂಬ ಭರವಸೆ ಆ ಬಿಲ್ಲಿನಲ್ಲಿಲ್ಲ.

ಕೇಂದ್ರದ ಯೋಜನೆಗಳೂ ಬೇರೊಂದು ಭಾರತವನ್ನು ಕಣ್ಣಮುಂದಿಟ್ಟುಕೊಂಡಿದ್ದವು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಎಂಬ ಗುರಿಯಿಟ್ಟಿತು. ಹಳ್ಳಿಯ ಏಕೋಪಾಧ್ಯಾಯ ಶಾಲೆಗೆ ಅದು ವರವಾಯಿತು. ಎರಡೇ ಕೋಣೆಗಳಿಂದ ತೀರದ ನಗರದ ದಟ್ಟಣೆಗೆ ಅದರಲ್ಲಿ ಉತ್ತರವಿರಲಿಲ್ಲ. 2001ರ ಸರ್ವ ಶಿಕ್ಷಾ ಅಭಿಯಾನ ಕಟ್ಟಡ ಕಾಮಗಾರಿಗೆ ಒಟ್ಟು ವೆಚ್ಚದ ಶೇಕಡಾ 33ರ ಮಿತಿಯನ್ನು ಹಾಕಿತು. ಹಣವೆಲ್ಲ ಗುತ್ತಿಗೆದಾರರ ಪಾಲಾಗದೆ ಕಲಿಕೆಗೆ ಸಲ್ಲಲೆಂಬ ಆ ಮಿತಿ ವಿವೇಕದ್ದೇ. ಆದರೆ ಕೋಣೆಯ ಅಭಾವವೇ ಮುಖ್ಯ ರೋಗವಾಗಿದ್ದ ಜಿಲ್ಲೆಗೂ ಅದೇ ಅಳತೆಗೋಲು ಅನ್ವಯಿಸಿತು.

ಕಳೆದುಹೋಗುವ ಭೂಮಿ

ಕಟ್ಟಡವನ್ನು ಮುಂದೂಡುವುದರಿಂದ ಆಗುವ ನಷ್ಟ ವಿಳಂಬ ಮಾತ್ರವೆಂದು ತಿಳಿಯುವುದು ತಪ್ಪು. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯಂತೆ ಅಭಿವೃದ್ಧಿ ಯೋಜನೆಯಲ್ಲಿ ಶಾಲೆಗೆಂದು ನಿವೇಶನಗಳನ್ನು ಮೀಸಲಿಡಲಾಗುತ್ತದೆ. ಯೋಜನೆ ಜಾರಿಯಾಗಿ ಹತ್ತು ವರ್ಷಗಳೊಳಗೆ ಭೂಮಿಯನ್ನು ವಶಪಡಿಸಿಕೊಳ್ಳದಿದ್ದರೆ ಒಡೆಯ 127ನೆಯ ಕಲಮಿನಡಿ ನೋಟೀಸು ಕೊಡಬಹುದು. ಅನಂತರ ಗೊತ್ತುಪಡಿಸಿದ ಅವಧಿಯಲ್ಲಿ ಪಾಲಿಕೆ ಕ್ರಮ ಕೈಗೊಳ್ಳದಿದ್ದರೆ ಮೀಸಲು ರದ್ದಾಗುತ್ತದೆ. ಒಡೆಯನ ದೃಷ್ಟಿಯಿಂದ ಇದು ನ್ಯಾಯ. ಬಳಸದ ಭೂಮಿಯನ್ನು ಅನಂತಕಾಲ ಕಟ್ಟಿಹಾಕುವಂತಿಲ್ಲ. ಮಗುವಿನ ದೃಷ್ಟಿಯಿಂದ ನೋಡಿದರೆ, ಒಂದು ವರ್ಷ ಉಳಿಸಿದ ಹಣ ಒಂದು ತಲೆಮಾರಿನ ಶಾಲೆಯ ನೆಲವನ್ನೇ ಕಳೆಯಬಲ್ಲದು. ಆ ಜಾಗದಲ್ಲಿ ವಸತಿ ಕಟ್ಟಡವೆದ್ದರೆ ಶಾಲೆಯ ನೆಲ ಹೋಗುವುದರ ಜೊತೆಗೆ ಶಾಲೆ ಬೇಕಾದ ಮಕ್ಕಳೂ ಅಲ್ಲಿಯೇ ಹೆಚ್ಚುತ್ತಾರೆ. ಸಿಡ್ಕೊ ಮೊದಲೇ ಭೂಮಿಯನ್ನು ವಶಪಡಿಸಿಕೊಂಡು ಕ್ಷೇತ್ರವಾರು ನಕ್ಷೆ ಹಾಕಿದ ನವಿಮುಂಬಯಿಗೂ, ಮನೆಗಳು ಮೊದಲು ಬಂದು ಯೋಜನೆ ಹಿಂದಿನಿಂದ ಬಂದ ಕಲ್ಯಾಣ-ಡೊಂಬಿವಲಿಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಎರಡು ಪಾಳಿಗಳ ಶಾಲೆ

ಕೋಣೆ ಸಾಲದಾದಾಗ ಮಹಾನಗರ ಕಂಡುಕೊಂಡ ಉಪಾಯ ಪಾಳಿ ಪದ್ಧತಿ. ಬೆಳಗಿನ ಮಕ್ಕಳು ಹೊರಬರುವಾಗ ಮಧ್ಯಾಹ್ನದ ಮಕ್ಕಳು ಬಾಗಿಲಲ್ಲಿ ಕಾಯುತ್ತಾರೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಐದನೆಯ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕ, ಪ್ರತಿ ಶಿಕ್ಷಕನಿಗೆ ಒಂದು ಕೋಣೆ ಎಂದು ವಿಧಿಸಿದೆ. ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆಯನ್ನೂ ಅದು ನಿಗದಿಪಡಿಸಿದೆ. ಭಾಗಿಸಿದರೆ ದಿನಕ್ಕೆ ನಾಲ್ಕು ಗಂಟೆ. ಅಂದರೆ ಎರಡು ಪಾಳಿಗಳ ಶಾಲೆ ಕಾನೂನಿನ ಹೊಸ್ತಿಲನ್ನು ಹೇಗೋ ದಾಟಬಲ್ಲದು. ದಾಟಲಾಗದೆ ಹೊರಗುಳಿಯುವುದು ವಾಚನಾಲಯ, ಚಿತ್ರಕಲೆ, ಆಟ, ಹಿಂದುಳಿದ ಮಗುವಿನೊಡನೆ ಶಿಕ್ಷಕ ಕಳೆಯಬೇಕಾದ ಹೆಚ್ಚಿನ ಅರ್ಧ ಗಂಟೆ. ಅಮೆರಿಕದ ಲಾಸ್ ಏಂಜಲೀಸ್ ನಗರವೂ ದಶಕಗಳ ಕಾಲ ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ ವರ್ಷಪೂರ್ತಿ ಸರದಿಯಲ್ಲಿ ಶಾಲೆ ನಡೆಸಿತು. ಮತದಾರರು ಸಾಲಪತ್ರಗಳಿಗೆ ಒಪ್ಪಿಗೆಯಿತ್ತು, ನೂರಕ್ಕೂ ಹೆಚ್ಚು ಹೊಸ ಶಾಲೆಗಳು ಎದ್ದ ಮೇಲೆಯೇ ಆ ಪದ್ಧತಿ ಕೊನೆಗೊಂಡಿತು. ಸರದಿ ದಟ್ಟಣೆಯನ್ನು ಹಂಚುತ್ತದೆ. ಅದನ್ನು ನಿವಾರಿಸುವುದು ಕಟ್ಟಡವೇ.

ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳೇ ಇಲ್ಲದಿರುವಾಗ ಹೊಸ ಕಟ್ಟಡವೇಕೆ ಎಂಬ ಆಕ್ಷೇಪಕ್ಕೂ ಉತ್ತರ ಹೇಳಬೇಕು. 2017ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರಕಾರ ಹತ್ತಕ್ಕಿಂತ ಕಡಿಮೆ ಮಕ್ಕಳಿದ್ದ ಸುಮಾರು 1,300 ಶಾಲೆಗಳನ್ನು ಮುಚ್ಚಲು ನಿರ್ಧರಿಸಿದ್ದುಂಟು. ಆದರೆ ರಾಜ್ಯದ ಸರಾಸರಿ ಯಾವ ಮಗುವಿನ ವಿಳಾಸವೂ ಅಲ್ಲ. ಗುಡ್ಡಗಾಡಿನ ಖಾಲಿ ಕೋಣೆಯಾಗಲಿ ದ್ವೀಪನಗರದ ಖಾಲಿ ಕೋಣೆಯಾಗಲಿ ಕಲ್ಯಾಣದ ಮಗುವಿಗೆ ಒದಗುವುದಿಲ್ಲ. 2012ರ ಸ್ವಯಂ ಅರ್ಥಸಹಾಯಿತ ಶಾಲೆಗಳ ಕಾಯಿದೆ ಖಾಸಗಿ ಶಾಲೆಗಳಿಗೆ ದಾರಿ ಸುಗಮಗೊಳಿಸಿತು. ಶುಲ್ಕ ತೆರಬಲ್ಲವರ ಸಮಸ್ಯೆ ಅಷ್ಟಕ್ಕೆ ಹಗುರವಾಯಿತು. ಬಡ ಮಕ್ಕಳಿಗೆ ಅಲ್ಲಿ ಶೇಕಡಾ 25ರ ಪ್ರವೇಶವಿದೆ. ಸರಕಾರಿ ಅಥವಾ ಅನುದಾನಿತ ಶಾಲೆ ಒಂದು ಕಿಲೋಮೀಟರಿನೊಳಗಿದ್ದರೆ ಖಾಸಗಿ ಶಾಲೆಗೆ ಇದರಿಂದ ವಿನಾಯಿತಿ ನೀಡುವ ನಿಯಮವನ್ನು 2024ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಹೊರಡಿಸಿತು. ಜುಲೈಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಹತ್ತಿರದಲ್ಲೊಂದು ಶಾಲೆಯಿದೆ ಎಂಬುದಕ್ಕೂ ಅಲ್ಲಿ ಜಾಗವಿದೆ ಎಂಬುದಕ್ಕೂ ಇರುವ ವ್ಯತ್ಯಾಸ ಈ ಪ್ರಕರಣದಲ್ಲಿ ಅಡಗಿದೆ.

ಕನ್ನಡದ ಪಾಲು

ಬೃಹನ್ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಭಾಷಾ ಮಾಧ್ಯಮಗಳಲ್ಲಿ ಶಾಲೆ ನಡೆಸಿದ ಸಂಸ್ಥೆ. ಅದರ ಕನ್ನಡ ಶಾಲೆಗಳು ಕನ್ನಡಿಗರು ಒತ್ತಾಗಿ ನೆಲೆಸಿದ್ದ ಕಾಲದ ಫಲ. ಕುಟುಂಬಗಳು ರೈಲು ಹತ್ತಿ ದೂರ ಸರಿದವು. ಶಾಲೆಯ ಕಟ್ಟಡ ರೈಲು ಹತ್ತಲಾರದು. ಹಿಂದೆ ಉಳಿದ ಕೋಣೆಗಳಲ್ಲಿ ಮಕ್ಕಳು ಕಡಿಮೆಯಾದರು, ಹೊಸ ಊರಿನ ಕಿಕ್ಕಿರಿದ ಕೋಣೆಗಳಲ್ಲಿ ಕನ್ನಡಕ್ಕೆ ಎಡೆ ಕೇಳುವವರು ವಿರಳರಾದರು.

ಇದು ಕಾನೂನಿನ ಅಭಾವದಿಂದ ಆದುದಲ್ಲ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಇರಬೇಕೆಂದು ನಿರ್ಣಯಿಸಿತು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350 ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಈ ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು. ಆದರೆ ಒಂದೊಂದು ಕೋಣೆಯಲ್ಲಿಯೂ ಮಿತಿಮೀರಿ ಮಕ್ಕಳು ತುಂಬಿರುವಲ್ಲಿ ಹತ್ತು ಮಕ್ಕಳಿಗೆಂದು ಪ್ರತ್ಯೇಕ ಕೋಣೆ ಬಿಡಿಸಿಕೊಡುವುದು ಯಾವ ಮುಖ್ಯೋಪಾಧ್ಯಾಯರಿಗೂ ಅಸಾಧ್ಯ. ಹೀಗೆ ಕಟ್ಟಡದ ಅಭಾವ ಎಲ್ಲರನ್ನೂ ತಟ್ಟಿದರೂ ಮೊದಲು ಹೊರಬೀಳುವುದು ಚಿಕ್ಕ ಸಂಖ್ಯೆಯ ಭಾಷೆ. ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿದ ಪಾಲಕರನ್ನು ಅಭಿಮಾನಶೂನ್ಯರೆಂದು ದೂರುವ ಮುನ್ನ ಅವರ ಮುಂದೆ ಬೇರೆ ಬಾಗಿಲು ತೆರೆದಿತ್ತೇ ಎಂದು ಕೇಳಬೇಕಾಗುತ್ತದೆ.

ಈ ತೆರವನ್ನು ತುಂಬಲು ಸಮುದಾಯವೇ ಮುಂದಾದ ನಿದರ್ಶನಗಳಿವೆ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ನಡೆಸಿಕೊಂಡು ಬಂದಿದೆ. ವಂತಿಗೆ ಎತ್ತಿ ಶಾಲೆ ಕಟ್ಟುವ ಈ ಪರಂಪರೆ ಶ್ಲಾಘನೀಯ. ಆದರೆ ವಾರಕ್ಕೊಂದು ಶಾಲೆ ಬೇಕಾದ ಜಿಲ್ಲೆಯ ಹೊಣೆಯನ್ನು ಸಂಘಗಳ ಉದಾರತೆಯ ಮೇಲೆ ಹೊರಿಸಲಾಗದು.

ಕನ್ನಡ ಅಧ್ಯಯನಕ್ಕೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಶಾಲೆಯ ಜನರಲ್ ರಿಜಿಸ್ಟರಿನಲ್ಲಿ ಪ್ರತಿ ಮಗುವಿನ ಮಾತೃಭಾಷೆ, ಹಿಂದಿನ ಶಾಲೆ, ಶಾಲೆ ಬಿಟ್ಟ ದಿನಾಂಕ, ಕಾರಣಗಳು ದಾಖಲಾಗಿರುತ್ತವೆ. ದ್ವೀಪನಗರದ ಶಾಲೆಯನ್ನು ಬಿಟ್ಟ ಕನ್ನಡ ಮಗು ಕಲ್ಯಾಣದಲ್ಲಿ ಯಾವ ಮಾಧ್ಯಮದ ಶಾಲೆಗೆ ಸೇರಿತೆಂಬುದನ್ನು ಎರಡು ಊರುಗಳ ರಿಜಿಸ್ಟರುಗಳನ್ನು ಹೋಲಿಸಿ ತಿಳಿಯಬಹುದು. ಪಾಲಿಕೆಯ ಆಯವ್ಯಯ ಪುಸ್ತಕ, ಅಭಿವೃದ್ಧಿ ಯೋಜನೆಯ ನಕ್ಷೆ, ಶಾಲೆಯ ರಿಜಿಸ್ಟರು ಈ ಮೂರನ್ನೂ ಒಟ್ಟಿಗೆ ಓದಿದಾಗಲೇ ಮುಂಬಯಿ ಕನ್ನಡದ ಈಚಿನ ಚರಿತ್ರೆ ಪೂರ್ಣವಾದೀತು. ಹಳೆಯ ಶಾಲೆಗಳು ಮುಚ್ಚುವಾಗ ರಿಜಿಸ್ಟರುಗಳೂ ಚದುರಿಹೋಗುವ ಅಪಾಯವಿರುವುದರಿಂದ ಈ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳುವುದು ಅವಶ್ಯ.